ಗುದ್ದಲಿಯೂ ಪ್ರಾರ್ಥನೆಯೂ



ಧರ್ಮವೆಂದೊಡನೆ ನಮ್ಮ ಮನಸ್ಸಿಗೆ ಹೊಳೆಯತಕ್ಕವು ದೇವಾಲಯ, ಗ್ರಂಥ, ಜಪ, ಉಪವಾಸ, ತೀರ್ಥಯಾತ್ರೆ ಮೊದಲಾದುವು. ಗುದ್ದಲಿ, ಹಾರೆ, ಬುಟ್ಟಿ, ಕರಣೆ ಇವು ಹೊಳೆಯುವುದು ಅಪರೂಪ. ಕಲ್ಲು ಹೊತ್ತವನು ಕಟ್ಟಿದ ಗುಡಿಯೊಳಗೆ ಕುಳಿತು ನಾವು ಧ್ಯಾನಮಾಡುತ್ತೇವೆ. ಕಲ್ಲು ಹೊರುವುದೇ ಒಂದು ಧ್ಯಾನವಾಗಬಲ್ಲುದೆ ಎಂದು ಕೇಳುವುದಿಲ್ಲ. ಕ್ರೈಸ್ತ ಜಗತ್ತಿನಲ್ಲಿ, ಅದರಲ್ಲಿಯೂ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ, ಈ ಪ್ರಶ್ನೆಯನ್ನು ಕೇಳಿಕೊಂಡು, ಉತ್ತರವನ್ನು ನಾಲಗೆಯಿಂದಲ್ಲದೆ ಕೈಗಳಿಂದ ಕೊಡಲೆತ್ನಿಸಿದ ಕೆಲವರು ಇದ್ದರು. ಅವರು ಓದಿದವರು, ಒಳ್ಳೆಯ ಮನೆತನದವರು. ತಮ್ಮ ಊರನ್ನು ಬಿಟ್ಟು, ಕಷ್ಟದಲ್ಲಿದ್ದ ಬೇರೊಂದು ಊರಿಗೆ ಹೋಗಿ, ಉಪದೇಶಮಾಡದೆ ಮಣ್ಣು ಹೊತ್ತು ಗೋಡೆ ಕಟ್ಟಿದರು. ಇವರು ಕೊಟ್ಟದ್ದೆಷ್ಟು, ಪಡೆದದ್ದೆಷ್ಟು, ಇವರ ಅನುಭವದಿಂದ ನಾವು ತಿಳಿಯತಕ್ಕದ್ದೇನು ಎಂಬುದೇ ಈ ಭಾಷಣದ ವಿಷಯ.

ಮಿಷನ್ ಎಂಬ ಮಾತು ನಮ್ಮಲ್ಲಿ ಬಹುಮಟ್ಟಿಗೆ ಮತಪ್ರಚಾರಕ್ಕೆ ಪರ್ಯಾಯವಾಗಿ ಬಳಕೆಯಲ್ಲಿದೆ. ಆದರೆ ಅದರ ಮೂಲಾರ್ಥ ಕಳುಹಿಸುವುದು, ಕಳುಹಿಸಲ್ಪಡುವುದು ಎಂದಿಷ್ಟೆ. ಕಳುಹಿಸಲ್ಪಟ್ಟವನು ಏನನ್ನು ಒಯ್ಯಬೇಕು? ಗ್ರಂಥವನ್ನೆ, ಔಷಧವನ್ನೆ, ಸಲಕರಣೆಯನ್ನೆ? ಈಗಿನ ಕಾಲದಲ್ಲಿ ಪಾಶ್ಚಾತ್ಯ ದೇಶಗಳ ಎಷ್ಟೋ ಚರ್ಚುಗಳ ತರುಣರು ರಜೆಯಲ್ಲಿ ಒಂದೆರಡು ವಾರ ಬೇರೆ ದೇಶಕ್ಕೆ ಹೋಗಿ, ಮನೆಯನ್ನೋ ಶಾಲೆಯನ್ನೋ ಕಟ್ಟಿ ಬರುವ ವಾಡಿಕೆಯುಂಟು. ಹಿಂದಿರುಗಿದವರು ತಮಗೆ ದೊರೆತ ಆತ್ಮಿಕ ಲಾಭವನ್ನು ಉತ್ಸಾಹದಿಂದ ಹೇಳಿಕೊಳ್ಳುತ್ತಾರೆ. ಆ ಉತ್ಸಾಹವನ್ನು ನಾವು ಹಾಸ್ಯಮಾಡಬೇಕಾಗಿಲ್ಲ. ಹಾಗೆಂದು ಒರೆಗೆ ಹಚ್ಚದೆ ಒಪ್ಪಬೇಕಾಗಿಯೂ ಇಲ್ಲ.

ಮೊದಲು ಈ ವಿಚಾರದ ಹಿನ್ನೆಲೆಯನ್ನು ಸ್ವಲ್ಪ ನೋಡೋಣ. ಪ್ರಾಚೀನ ಗ್ರೀಕರಲ್ಲಿಯೂ ರೋಮನರಲ್ಲಿಯೂ ಮೈಮುರಿದು ದುಡಿಯುವುದು ದಾಸರ ಪಾಲಿಗೆ ಬಿಟ್ಟ ಕೆಲಸ. ಸ್ವತಂತ್ರನಾದ ನಾಗರಿಕನಿಗೆ ಸಲ್ಲತಕ್ಕದ್ದು ವಿರಾಮ, ರಾಜಕಾರಣ, ತತ್ತ್ವಚಿಂತನೆ. ಅಂತಹ ಲೋಕದಲ್ಲಿ ಹುಟ್ಟಿದ ಕ್ರೈಸ್ತ ಮತವು ಒಬ್ಬ ಬಡಗಿಯನ್ನು ತನ್ನ ಗುರುವೆಂದು ಸಾರಿತು. ಆತನು ತನ್ನ ಕಡೆಯ ಭೋಜನದ ರಾತ್ರಿ, ಸೇವಕನಂತೆ ಸೊಂಟಕ್ಕೆ ವಸ್ತ್ರವನ್ನು ಸುತ್ತಿಕೊಂಡು ಶಿಷ್ಯರ ಕಾಲುಗಳನ್ನು ತೊಳೆದನೆಂದು ಯೋಹಾನನ ಸುವಾರ್ತೆ ತಿಳಿಸುತ್ತದೆ. ಊರೂರು ಸುತ್ತಿದ ಸಂತ ಪೌಲನಿಗೆ ಡೇರೆಗಳನ್ನು ಮಾಡುವ ಕಸುಬು ಬರುತ್ತಿತ್ತು. ಕೊರಿಂಥ ಪಟ್ಟಣದಲ್ಲಿ ಅವನು ಅದೇ ಕಸುಬಿನ ದಂಪತಿಗಳ ಮನೆಯಲ್ಲಿ ಇಳಿದುಕೊಂಡು, ದುಡಿದು ಉಂಡು, ಬೋಧಿಸಿದನು.

ಆದರೂ ದುಡಿಮೆಗೆ ಧಾರ್ಮಿಕ ಜೀವನದಲ್ಲಿ ಒಂದು ಖಚಿತವಾದ ಸ್ಥಾನವನ್ನು ಗೊತ್ತುಮಾಡಿದವರಲ್ಲಿ ಮುಖ್ಯನು ಆರನೆಯ ಶತಮಾನದ ಸಂತ ಬೆನೆಡಿಕ್ಟ್. ಇಟಲಿಯ ಮಾಂಟೆ ಕಸ್ಸಿನೋ ಮಠಕ್ಕಾಗಿ ಅವನು ಬರೆದ ನಿಯಮಾವಳಿಯಲ್ಲಿ ಪ್ರಾರ್ಥನೆಗೆ ಇಂತಿಷ್ಟು, ಅಧ್ಯಯನಕ್ಕೆ ಇಂತಿಷ್ಟು, ಕೈಕೆಲಸಕ್ಕೆ ಇಂತಿಷ್ಟು ಎಂದು ದಿನವನ್ನು ಹಂಚಿದ್ದಾನೆ. ಅದರಲ್ಲಿ ಮೂರು ವಿಧಿಗಳು ನನಗೆ ಬಹಳ ಅರ್ಥವತ್ತಾಗಿ ತೋರುತ್ತವೆ. ಒಂದು: ಉಗ್ರಾಣದ ಅಧಿಕಾರಿಯು ಮಠದ ಪಾತ್ರೆಪರಟಿ ಹತಾರಗಳೆಲ್ಲವನ್ನೂ ಪೂಜಾವೇದಿಕೆಯ ಪವಿತ್ರ ಪಾತ್ರೆಗಳೆಂಬಂತೆ ನೋಡಿಕೊಳ್ಳಬೇಕು. ಎರಡು: ಅಡಿಗೆಯ ಸರದಿ ಎಲ್ಲರಿಗೂ ಬರಬೇಕು, ವಾರದ ಸರದಿ ಮುಗಿದವನು ಪಾತ್ರೆಗಳನ್ನು ಶುಚಿಯಾಗಿ ಎಣಿಸಿ ಒಪ್ಪಿಸಬೇಕು. ಮೂರು: ಕುಶಲಕರ್ಮಿಯಾದ ಸನ್ಯಾಸಿಯು, ತನ್ನ ಕೈಚಳಕದಿಂದಲೇ ಮಠಕ್ಕೆ ಲಾಭವೆಂದು ಬೀಗಿದರೆ, ಅವನನ್ನು ಆ ಕೆಲಸದಿಂದ ಬಿಡಿಸಬೇಕು. ಗಮನಿಸಿರಿ: ದುಡಿಮೆ ತನ್ನಷ್ಟಕ್ಕೆ ತಾನೇ ಪಾವನವೆಂದು ಬೆನೆಡಿಕ್ಟನು ನಂಬಲಿಲ್ಲ. ಗುದ್ದಲಿಯೂ ಅಹಂಕಾರಕ್ಕೆ ಊರುಗೋಲಾಗಬಲ್ಲುದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಕಾಲಾಂತರದಲ್ಲಿ ಈ ಸಮನ್ವಯ ಸಡಿಲಿತು. ಮಠಗಳಲ್ಲಿಯೇ ಪಠನಮಾಡುವ ಸನ್ಯಾಸಿಗಳು ಬೇರೆ, ಉಳುವ ನೇಯುವ ಸಹೋದರರು ಬೇರೆ ಎಂಬ ಭೇದ ಬೆಳೆಯಿತು. ಎಲ್ಲಿ ಹೋದರೂ ಮನುಷ್ಯನು ತನ್ನ ಜೊತೆಯಲ್ಲಿ ಒಂದು ಜಾತಿಯನ್ನು ಕಟ್ಟಿಕೊಂಡು ಹೋಗುತ್ತಾನೆಂದು ತೋರುತ್ತದೆ.

ನಮ್ಮ ಕನ್ನಡ ಕರಾವಳಿಗೆ ಸಂಬಂಧಪಟ್ಟ ಒಂದು ಪ್ರಸಂಗವನ್ನು ಇಲ್ಲಿ ನೆನೆಯುವುದು ಉಚಿತ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಬೋಧಿಸುವುದಕ್ಕೆಂದೇ ಬಂದವರು. ಆದರೆ ಅವರ ಮಾತನ್ನು ನಂಬಿ ಮತಾಂತರ ಹೊಂದಿದವರು ಜಾತಿಯ ಜೊತೆಗೆ ಕಸುಬನ್ನೂ ಮನೆಯನ್ನೂ ಕಳೆದುಕೊಂಡು ಬಾಗಿಲಲ್ಲಿ ನಿಂತಾಗ, ಬರಿಯ ಬೋಧನೆಯಿಂದ ಹೊಟ್ಟೆ ತುಂಬದೆಂಬುದು ಅವರಿಗೆ ಮನವರಿಕೆಯಾಯಿತು. 1851ರಲ್ಲಿ ನೇಯ್ಗೆ ಬಲ್ಲ ಜಾನ್ ಹಾಲರ್ ಎಂಬುವರು ಬಂದರು, ಮಗ್ಗಗಳು ಸ್ಥಾಪಿತವಾದುವು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬುವರು ನೇತ್ರಾವತಿಯ ದಡದ ಜೇಡಿಮಣ್ಣನ್ನು ಪರೀಕ್ಷಿಸಿ, ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಮಂಗಳೂರು ಹೆಂಚೆಂದು ನಮ್ಮ ನಾಡಿನ ಸಾವಿರಾರು ಮಾಡುಗಳನ್ನು ಕಾಪಾಡಿದ್ದು ಅದರ ಸಂತತಿಯೇ. ಈ ಜನರಲ್ಲಿ ಹಲವರು ದಕ್ಷಿಣ ಜರ್ಮನಿಯ ಮತ್ತು ಸ್ವಿಟ್ಜರ್ಲೆಂಡಿನ ರೈತರ, ಕೈಗಸುಬಿನವರ ಮನೆಗಳಿಂದ ಬಂದವರಾದುದರಿಂದ, ದುಡಿಮೆಗೆ ಅವರು ನಾಚಲಿಲ್ಲ. ಆದರೆ ಅಲ್ಲಿ ಮಿಷನರಿಯು ಕಲಿಸುವವನು, ನಮ್ಮವನು ಕಲಿಯುವವನು. ಅವನು ಯಜಮಾನ, ಇವನು ಆಳು. ಈ ಸಂಬಂಧ ತಲೆಕೆಳಗಾಗುವುದಕ್ಕೆ ಇನ್ನೂ ಕಾಲ ಬರಬೇಕಾಗಿತ್ತು.

ಆ ಕಾಲವನ್ನು ತಂದುದು ಮೊದಲನೆಯ ಮಹಾಯುದ್ಧ. ಸ್ವಿಟ್ಜರ್ಲೆಂಡಿನ ಪಿಯೆರ್ ಸೆರೆಸೋಲ್ ಎಂಬುವರ ಹೆಸರನ್ನು ನಮ್ಮಲ್ಲಿ ಕೇಳಿದವರು ಕಡಮೆ. ಅವರು 1879ರಲ್ಲಿ ಲೋಸಾನ್ ನಗರದಲ್ಲಿ ಹುಟ್ಟಿದರು. ತಂದೆ 1873ರಲ್ಲಿ ಸ್ವಿಸ್ ಒಕ್ಕೂಟದ ಅಧ್ಯಕ್ಷರಾಗಿದ್ದವರು. ಮಗ ಎಂಜಿನಿಯರಿಂಗ್ ಓದಿ, ಅಮೆರಿಕ, ಹವಾಯಿ, ಜಪಾನುಗಳಲ್ಲಿ ಕೆಲವು ವರ್ಷ ಅಲೆದು, ಸಿಕ್ಕಿದ ಕೆಲಸ ಮಾಡಿ ಬದುಕಿ, ಊರಿಗೆ ಹಿಂದಿರುಗಿದರು. ತಮ್ಮ ಪಾಲಿಗೆ ಬಂದ ಪಿತ್ರಾರ್ಜಿತವನ್ನು ಸರ್ಕಾರಕ್ಕೆ ಒಪ್ಪಿಸಿಬಿಟ್ಟರು. ಯುದ್ಧಕಾಲದಲ್ಲಿ, ಕ್ರಿಸ್ತನ ಅನುಯಾಯಿ ಕೊಲ್ಲುವ ಕೆಲಸಕ್ಕೆ ಹಣ ಕೊಡಲಾರನೆಂದು ಸೈನ್ಯದ ತೆರಿಗೆಯನ್ನು ನಿರಾಕರಿಸಿ, 1917ರಲ್ಲಿ ಸೆರೆಮನೆಯನ್ನು ಕಂಡರು.

ಯುದ್ಧ ಮುಗಿಯಿತು. ಶಾಂತಿವಾದಿಗಳಾದ ಕ್ರೈಸ್ತರು 1919ರಲ್ಲಿ ಹಾಲೆಂಡಿನ ಬಿಲ್ತೋವನ್ ಎಂಬಲ್ಲಿ ಸೇರಿ ಸಮಾಲೋಚಿಸಿದರು. ಭಾಷಣಗಳಿಗೇನೂ ಕೊರತೆಯಿರಲಿಲ್ಲ. ಆದರೆ ಯುದ್ಧವನ್ನು ಖಂಡಿಸುವವನ ಕೈಯಲ್ಲಿ ಯೋಧನ ಕೈಯಲ್ಲಿರುವಷ್ಟಾದರೂ ಕೆಲಸವಿರಬೇಡವೆ ಎಂಬ ಪ್ರಶ್ನೆ ಸೆರೆಸೋಲರನ್ನು ಬಿಡಲಿಲ್ಲ. 1920ರ ನವೆಂಬರಿನಲ್ಲಿ ಅವರು ಕೆಲವರು ಸಂಗಡಿಗರೊಡನೆ ಫ್ರಾನ್ಸಿನ ವರ್ದೂನ್ ರಣರಂಗದ ಬಳಿಯ ಎಸ್ನ್ ಎಂಬ ಹಳ್ಳಿಗೆ ಹೋದರು. 1916ರ ಘೋರ ಕದನದಲ್ಲಿ ಆ ಹಳ್ಳಿ ನುಚ್ಚುನೂರಾಗಿತ್ತು. ತಂಡದಲ್ಲಿ ಜರ್ಮನರೂ ಇದ್ದರು; ಅಂದರೆ ಯಾವ ದೇಶದ ಫಿರಂಗಿಗಳು ಆ ಗುಂಡಿಗಳನ್ನು ತೋಡಿದ್ದುವೋ ಅದೇ ದೇಶದ ಮಕ್ಕಳು ಅವನ್ನು ಮುಚ್ಚಲು ಬಂದಿದ್ದರು. ಚಳಿಗಾಲವನ್ನೆಲ್ಲ ಅಲ್ಲಿಯೇ ಕಳೆದು, ಮರದ ತಾತ್ಕಾಲಿಕ ಮನೆಗಳನ್ನು ನಿಲ್ಲಿಸಿದರು, ಹೊಲಗಳನ್ನು ಹಸನುಮಾಡಿದರು.

ಈ ಕಥೆ ಇಲ್ಲಿಗೆ ಸುಖಾಂತವಾಗಿ ಮುಗಿದಿದ್ದರೆ ಉಪದೇಶಕ್ಕೆ ಅನುಕೂಲವಾಗುತ್ತಿತ್ತು. ಹಾಗಾಗಲಿಲ್ಲ. ಗಾಯ ಇನ್ನೂ ಹಸಿಯಾಗಿತ್ತು. ಜರ್ಮನರ ಮುಖವನ್ನು ನೋಡಲಾರೆವೆಂಬ ವಿರೋಧ ಎದ್ದಿತು. ಜರ್ಮನ್ ಸಂಗಡಿಗರನ್ನು ಬಿಟ್ಟುಕೊಟ್ಟು ಕೆಲಸವನ್ನು ಉಳಿಸಿಕೊಳ್ಳುವುದಕ್ಕೆ ತಂಡ ಒಪ್ಪಲಿಲ್ಲ. 1921ರ ವಸಂತದಲ್ಲಿ ಎಲ್ಲರೂ ಹೊರಟರು. ಐದು ತಿಂಗಳ ದುಡಿಮೆಗೆ ಸಿಕ್ಕ ಸಂಬಳವೆಂದರೆ ಇದು. ಸೇವೆ ಮಾಡುತ್ತೇನೆಂದು ಬಂದವನಿಗೆ, ನಿನ್ನ ಸೇವೆ ನಮಗೆ ಬೇಡವೆನ್ನುವ ಹಕ್ಕು ನೊಂದವನಿಗೆ ಇದೆಯಲ್ಲವೆ? ಆ ನಿರಾಕರಣವನ್ನು ಕಹಿಯಿಲ್ಲದೆ ನುಂಗಿಕೊಂಡು ಮತ್ತೊಂದು ಕಡೆ ಗುದ್ದಲಿ ಹಿಡಿಯುವುದಿದೆಯಲ್ಲ, ಅದು ಎಷ್ಟೋ ಪ್ರಾರ್ಥನೆಗಳಿಗಿಂತ ಕಠಿಣವಾದ ಸಾಧನೆ.

ಮತ್ತೊಂದು ಕಡೆ ಅವರು ಹಿಡಿದೇ ಹಿಡಿದರು. 1924ರಲ್ಲಿ ಆಲ್ಪ್ಸ್ ಬೆಟ್ಟಗಳ ಒಂದು ಹಳ್ಳಿಯಲ್ಲಿ ಹಿಮಪಾತದ ಅವಶೇಷಗಳನ್ನು ತೆಗೆಯುವ ಕೆಲಸಕ್ಕೆ ಮುಂದಾಳಾಗಿದ್ದವರು ಪಿಯೆರ್ ಅವರ ಸಹೋದರ ಅರ್ನೆಸ್ಟ್. ಆತ ಸ್ವಿಸ್ ಸೈನ್ಯದ ಕರ್ನಲ್! ಆಯುಧವನ್ನು ಮುಟ್ಟಲಾರೆನೆನ್ನುವ ಒಬ್ಬ ಸಹೋದರ, ಆಯುಧವನ್ನೇ ವೃತ್ತಿಯಾಗಿ ಉಳ್ಳ ಮತ್ತೊಬ್ಬ ಸಹೋದರ: ವಾದದಲ್ಲಿ ಕೂಡಲಾರದ ಇವರಿಬ್ಬರು ಸನಿಕೆಯ ಮೇಲೆ ಕೂಡಿದರು. 1927ರಲ್ಲಿ ರೈನ್ ನದಿ ಉಕ್ಕಿ ಲೀಕ್ಟನ್‌ಸ್ಟೈನ್ ಎಂಬ ಪುಟ್ಟ ಸಂಸ್ಥಾನದ ಹೊಲಗಳನ್ನು ಕಲ್ಲುಮರಳಿನಿಂದ ಮುಚ್ಚಿದಾಗ, ಮರುವರ್ಷ ನಾನಾ ದೇಶಗಳಿಂದ ಬಂದು ದುಡಿದ ಸ್ವಯಂಸೇವಕರು 700ಕ್ಕೂ ಹೆಚ್ಚು ಮಂದಿ. ಮಾತಲ್ಲ, ಕೃತಿ ಎಂಬುದು ಈ ಸಂಸ್ಥೆಯ ಧ್ಯೇಯವಾಯಿತು. ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಆ ಶಿಬಿರಗಳಲ್ಲಿ ಸೋದರಿಯರೆಂದು ಕರೆಯಲ್ಪಟ್ಟ ಹೆಂಗಸರೂ ಇದ್ದರು. ಅವರು ಬೇಯಿಸಿದರು, ಒಗೆದರು, ಹರಿದ ಬಟ್ಟೆಗಳನ್ನು ಹೊಲಿದರು. ಹೊಲದಲ್ಲಿ ಮಣ್ಣೆತ್ತಿದ ಗಂಡಸಿಗೆ ದುಡಿಮೆಯ ಮಹಿಮೆ ಹೊಸದಾಗಿ ಹೊಳೆದಿರಬಹುದು. ಒಲೆಯ ಮುಂದಿನವರಿಗೆ ಅದು ದಿನನಿತ್ಯದ ಪಾಠ. ಕೈಕೆಲಸದ ಅಧ್ಯಾತ್ಮವನ್ನು ಹೊಗಳುವ ನಾವು ನಮ್ಮ ಮನೆಯ ಅಡಿಗೆಯ ಕೋಣೆಯನ್ನು ಮರೆಯುವುದು ನ್ಯಾಯವಲ್ಲ.

ಇನ್ನು ನಮ್ಮ ದೇಶದ ಸಂಗತಿಗೆ ಬರುತ್ತೇನೆ. 1934ರ ಜನವರಿ 15ರ ಮಧ್ಯಾಹ್ನ ಬಿಹಾರದಲ್ಲಿಯೂ ನೇಪಾಳದಲ್ಲಿಯೂ ಭೂಮಿ ನಡುಗಿತು. ಹತ್ತು ಸಾವಿರಕ್ಕೂ ಹೆಚ್ಚು ಜನರು ಸತ್ತರು. ಮುಂಗೇರ್, ಮುಜಫ್ಫರ್‌ಪುರ, ದರ್ಭಂಗ ಮೊದಲಾದ ಪಟ್ಟಣಗಳು ಹಾಳಾದುವು. ನೆಲ ಬಿರಿದು, ಬಿರುಕುಗಳಿಂದ ನೀರೂ ಮರಳೂ ಚಿಮ್ಮಿ, ಬೆಳೆಯುವ ಹೊಲಗಳ ಮೇಲೆ ಹರಡಿತು, ಬಾವಿಗಳು ಹೂತುಹೋದುವು. ಬಾಬು ರಾಜೇಂದ್ರಪ್ರಸಾದರು ಪರಿಹಾರಕಾರ್ಯದ ಮುಂದಾಳುಗಳಾದರು. ಸೆರೆಸೋಲರು ಆಗ ಷೋ-ದ-ಫೋನ್ ಎಂಬ ಊರಿನಲ್ಲಿ ಗಣಿತದ ಅಧ್ಯಾಪಕರು. ವಯಸ್ಸು ಐವತ್ತನ್ನು ದಾಟಿತ್ತು. 1931ರ ಡಿಸೆಂಬರಿನಲ್ಲಿ ಗಾಂಧೀಜಿ ಲೋಸಾನಿಗೆ ಬಂದಿದ್ದಾಗ ಅವರನ್ನು ಕಂಡಿದ್ದರು. ಸುದ್ದಿ ತಿಳಿದೊಡನೆ ಹೊರಟು ಬಂದರು. 1934ರಿಂದ 1937ರ ನಡುವೆ ಮೂರು ಬಾರಿ ಬಂದು, ಕೆಲವರು ಯೂರೋಪಿಯನ್ ಸಂಗಡಿಗರೊಡನೆ ಮುಜಫ್ಫರ್‌ಪುರದ ಸೀಮೆಯಲ್ಲಿ ನೆಲಸಿ ದುಡಿದರು. ಭೂಕಂಪದಿಂದ ನೆಲದ ಮಟ್ಟವೂ ನದಿಗಳ ಪಾತ್ರವೂ ವ್ಯತ್ಯಾಸಗೊಂಡು, ಕೆಲವು ಹಳ್ಳಿಗಳು ಪ್ರವಾಹಕ್ಕೆ ಈಡಾಗಿದ್ದುವು. ಅಂಥವನ್ನು ಎತ್ತರದ ನೆಲಕ್ಕೆ ಸಾಗಿಸಿ ಹೊಸದಾಗಿ ಕಟ್ಟುವುದು ಅವರು ಕೈಕೊಂಡ ಕಾರ್ಯ.

ಈಗ ಒಂದು ಪ್ರಶ್ನೆ ಏಳುತ್ತದೆ. ಬಿಹಾರದಲ್ಲಿ ಮಣ್ಣು ಹೊರುವವರಿಗೆ ಬರಗಾಲವೆ? ನಾಲ್ಕು ಜನ ಯೂರೋಪಿಯನರ ಬುಟ್ಟಿಗಳಿಲ್ಲದಿದ್ದರೆ ಹಳ್ಳಿ ಏಳುತ್ತಿರಲಿಲ್ಲವೆ? ಹಡಗಿನ ಖರ್ಚನ್ನು ಹಾಗೆಯೇ ಕಳುಹಿಸಿಕೊಟ್ಟಿದ್ದರೆ ಅದರಿಂದ ಹತ್ತು ಪಟ್ಟು ಮಣ್ಣು ಏಳುತ್ತಿತ್ತಲ್ಲ! ಅರ್ಥಶಾಸ್ತ್ರದ ದೃಷ್ಟಿಯಿಂದ ಇದಕ್ಕೆ ಪ್ರತ್ಯುತ್ತರವಿಲ್ಲ. ಎಂಜಿನಿಯರರಾದ ಸೆರೆಸೋಲರ ಲೆಕ್ಕಾಚಾರವೂ ತಿಳಿವಳಿಕೆಯೂ ಅಲ್ಲಿ ಪ್ರಯೋಜನಕ್ಕೆ ಬಂದಿರಬಹುದು. ಅವರ ತೋಳಿನ ಬಲವಂತೂ ಲೆಕ್ಕಕ್ಕೆ ಬರತಕ್ಕದ್ದಲ್ಲ. ಆದರೆ ಆ ಕಾಲವನ್ನು ಮನಸ್ಸಿಗೆ ತಂದುಕೊಳ್ಳಿರಿ. ಬಿಳಿಯನೆಂದರೆ ಕುದುರೆಯ ಮೇಲೋ ಮೋಟಾರಿನಲ್ಲೋ ಬಂದು ಆಜ್ಞೆಮಾಡುವವನು. ಮೇಲುಜಾತಿಯವನೆಂದರೆ ಬುಟ್ಟಿಯನ್ನು ಮುಟ್ಟದವನು. ಅಂತಹ ನಾಡಿನಲ್ಲಿ ನರೆತ ಕೂದಲಿನ ಒಬ್ಬ ಬಿಳಿಯ ಅಧ್ಯಾಪಕ ಕೂಲಿಯವರ ಸಾಲಿನಲ್ಲಿ ನಿಂತರೆ, ಆ ಬುಟ್ಟಿಯಲ್ಲಿರುವುದು ಮಣ್ಣು ಮಾತ್ರವಲ್ಲ. ಮೇಲು ಕೀಳೆಂಬ ಒಂದು ಭಾವನೆಯೂ ಅದರೊಡನೆ ಸ್ವಲ್ಪ ಸ್ವಲ್ಪವಾಗಿ ಎತ್ತಿ ಹೊರಗೆ ಹಾಕಲ್ಪಡುತ್ತದೆ. ಅದನ್ನು ಅಳೆಯುವ ಕೊಳಗ ಅರ್ಥಶಾಸ್ತ್ರದಲ್ಲಿಲ್ಲ.

ಇದೇ ದಶಕದಲ್ಲಿ ಸ್ಕಾಟ್ಲೆಂಡಿನಲ್ಲಿ ಬೇರೊಂದು ಪ್ರಯೋಗ ನಡೆಯಿತು. ಜಾರ್ಜ್ ಮ್ಯಾಕ್ಲೌಡ್ ಎಂಬುವರು ದೊಡ್ಡ ಮನೆತನದವರು, ಮೊದಲನೆಯ ಮಹಾಯುದ್ಧದಲ್ಲಿ ಶೌರ್ಯಕ್ಕಾಗಿ ಪದಕ ಪಡೆದವರು, ಅನಂತರ ಪಾದ್ರಿಗಳಾದವರು. 1930ರಲ್ಲಿ ಅವರು ಗ್ಲಾಸ್ಗೋ ನಗರದ ಗೋವನ್ ಎಂಬ ಹಡಗುಕಟ್ಟೆಯ ಭಾಗಕ್ಕೆ ಬಂದಾಗ, ಕೆಲಸವಿಲ್ಲದ ಕಾರ್ಮಿಕರು ಬೀದಿಬೀದಿಗಳಲ್ಲಿ ನಿಂತಿದ್ದರು. ಚರ್ಚಿನ ಮಾತು ಅವರಿಗೆ ಅರ್ಥವಾಗುತ್ತಿರಲಿಲ್ಲ. ಅವರ ಬಾಳು ಚರ್ಚಿಗೆ ಅರ್ಥವಾಗುತ್ತಿರಲಿಲ್ಲ. 1938ರಲ್ಲಿ ಮ್ಯಾಕ್ಲೌಡ್ ಆ ಹುದ್ದೆಯನ್ನು ಬಿಟ್ಟು, ನಿರುದ್ಯೋಗಿಗಳಾದ ಕೆಲವು ಕುಶಲಕರ್ಮಿಗಳನ್ನೂ, ಪಾದ್ರಿಯಾಗಲು ಓದಿ ಮುಗಿಸಿದ ಕೆಲವು ತರುಣರನ್ನೂ ಕರೆದುಕೊಂಡು ಪಶ್ಚಿಮ ಸಮುದ್ರದ ಅಯೋನ ದ್ವೀಪಕ್ಕೆ ಹೋದರು. ಅದು ಮೂರು ಮೈಲಿ ಉದ್ದದ ಪುಟ್ಟ ದ್ವೀಪ. 563ರಲ್ಲಿ ಸಂತ ಕೊಲಂಬ ಬಂದು ಮಠ ಕಟ್ಟಿದ ಸ್ಥಳ. ಅಲ್ಲಿಯ ಹಳೆಯ ಚರ್ಚು ಆ ವೇಳೆಗೆ ಜೀರ್ಣೋದ್ಧಾರವಾಗಿತ್ತು. ಸನ್ಯಾಸಿಗಳ ವಾಸದ ಕಟ್ಟಡಗಳು ಮಾತ್ರ ಪಾಳುಬಿದ್ದಿದ್ದುವು. ಅವನ್ನು ಪುನಃ ಕಟ್ಟುವುದೇ ಸಂಕಲ್ಪ.

ಈ ಏರ್ಪಾಡಿನ ಸ್ವಾರಸ್ಯವಿರುವುದು ಕೆಲಸದ ಹಂಚಿಕೆಯಲ್ಲಿ. ಕಲ್ಲುಕುಟಿಗನೂ ಬಡಗಿಯೂ ಇಲ್ಲಿ ಗುರುಗಳು. ವಿಶ್ವವಿದ್ಯಾನಿಲಯದ ಪದವೀಧರರು ಅವರಿಗೆ ಕಲ್ಲು, ಗಾರೆ ಎತ್ತಿಕೊಡುವ ಆಳುಗಳು. ಕೆಲಸಗಾರನಿಗೆ ಧರ್ಮವನ್ನು ಹೇಳಲು ತಯಾರಾಗುತ್ತಿದ್ದವನು ಮೊದಲು ಕೆಲಸಗಾರನಿಂದ ಹೇಳಿಸಿಕೊಳ್ಳಬೇಕಾಯಿತು. ಬೆಳಿಗ್ಗೆ ಎಲ್ಲರೂ ಚರ್ಚಿನಲ್ಲಿ ಕೂಡಿ ಪ್ರಾರ್ಥಿಸುವರು. ಅಯೋನದ ಒಂದು ಪದ್ಧತಿಯಂತೆ, ಬೆಳಗಿನ ಪ್ರಾರ್ಥನೆಯ ಕೊನೆಯಲ್ಲಿ ಮುಕ್ತಾಯದ ಆಶೀರ್ವಚನವನ್ನು ಹೇಳುವುದಿಲ್ಲ. ಏಕೆಂದರೆ ಪ್ರಾರ್ಥನೆ ಅಲ್ಲಿಗೆ ಮುಗಿಯಲಿಲ್ಲ. ಇಡೀ ದಿನದ ಕೆಲಸ ಅದರ ಮುಂದುವರಿಕೆ. ಎಷ್ಟು ಸರಳವಾದ ಏರ್ಪಾಡು, ಎಷ್ಟು ಗಂಭೀರವಾದ ಅರ್ಥ! ಇದನ್ನು ಸ್ವದೇಶದಲ್ಲಿಯೇ ಹಲವರು ಸಂಶಯದಿಂದ ನೋಡಿದರು. ಕೆಲವರಿಗೆ ಇದರಲ್ಲಿ ರೋಮಿನ ವಾಸನೆ ಬಡಿಯಿತು, ಕೆಲವರಿಗೆ ಮಾಸ್ಕೋವಿನದು. ಎರಡನೆಯ ಮಹಾಯುದ್ಧ ಬಂದು ಮರ ಸಿಕ್ಕುವುದು ದುರ್ಲಭವಾಯಿತು. ಆದರೂ ಬೇಸಗೆಯಿಂದ ಬೇಸಗೆಗೆ ಗೋಡೆ ಏರುತ್ತಲೇ ಹೋಗಿ, 1965ರಲ್ಲಿ ಕಟ್ಟಡ ಪೂರ್ಣವಾಯಿತು. ಇಪ್ಪತ್ತೇಳು ವರ್ಷಗಳು! ಮೊದಲನೆಯ ಬೇಸಗೆಯಲ್ಲಿ ಗಾರೆ ಹೊತ್ತವರಲ್ಲಿ ಯಾರಿಗೂ ಮಾಡನ್ನು ಬೇಗ ನೋಡುವ ಆಸೆಯಿರಲು ಸಾಧ್ಯವಿರಲಿಲ್ಲ.

ಈ ದೃಷ್ಟಾಂತಗಳಿಂದ ಹೊರಡುವ ಪಾಠಗಳು ಯಾವುವು?

ಮೊದಲನೆಯದು ಸತ್ಯದ ಪಾಠ. ನಮ್ಮಂತಹ ಮಾತಿನ ವೃತ್ತಿಯವರಿಗೆ ಒಂದು ದುರಭ್ಯಾಸವಿದೆ: ತಪ್ಪಿದ ಕಡೆಯಲ್ಲೆಲ್ಲ ಮತ್ತಷ್ಟು ಮಾತನ್ನು ತುಂಬಿ ಸರಿಪಡಿಸಿದೆವೆಂದುಕೊಳ್ಳುತ್ತೇವೆ. ವಸ್ತುವಿನ ಮುಂದೆ ಈ ಆಟ ನಡೆಯದು. ಒಂದು ಸಲ ನಮ್ಮ ಕಾಲೇಜಿನ ವಿದ್ಯಾರ್ಥಿಗಳೊಡನೆ ನಾನು ಒಂದು ಹಳ್ಳಿಯ ಸೇವಾಶಿಬಿರಕ್ಕೆ ಹೋಗಿದ್ದೆ. ಶಾಲೆಯ ಸುತ್ತ ಕಲ್ಲಿನ ಗೋಡೆ ಕಟ್ಟುವ ಕೆಲಸ. ಮೂರನೆಯ ದಿನ ಬೆಳಿಗ್ಗೆ ನೋಡಿದರೆ, ಹುಡುಗರು ಹಿಂದಿನ ದಿನ ಕಟ್ಟಿದ ಎರಡು ವರಸೆ ಕಲ್ಲುಗಳನ್ನು ಮುದುಕನಾದ ಮೇಸ್ತ್ರಿ ತಾನೊಬ್ಬನೇ ಇಳಿಸುತ್ತಿದ್ದಾನೆ. ಒಬ್ಬ ವಿದ್ಯಾರ್ಥಿಗೆ ಕೋಪ ಬಂದಿತು. "ಏನು ಮೇಸ್ತ್ರಿ, ನಾವು ದಿನವೆಲ್ಲ ಬಿಸಿಲಲ್ಲಿ ಕಟ್ಟಿದ್ದಲ್ಲವೆ?" ಎಂದ. ಮೇಸ್ತ್ರಿ ತೂಕದ ಗುಂಡನ್ನು ಇಳಿಬಿಟ್ಟು ತೋರಿಸಿ, "ನಾನೇನೂ ಹೇಳಾಕಿಲ್ಲ ಬುದ್ಧಿ, ಗುಂಡು ಹೇಳ್ತದೆ. ನೀವು ಓದಿದೋರು ಅಂತ ಅದಕ್ಕೇನು ಗೊತ್ತು? ಸಂದಿ ಮೇಲೆ ಸಂದಿ ಬಂದೈತೆ, ಮಳೆಗೆ ಸೀಳ್ತದೆ. ಮಕ್ಕಳು ಓಡಾಡೋ ಜಾಗ" ಎಂದ. ಹುಡುಗ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದು, ಆಮೇಲೆ ತಾನೂ ಒಂದು ಕಲ್ಲನ್ನು ಇಳಿಸತೊಡಗಿದ. ಉಳಿದ ದಿನಗಳಲ್ಲಿ ಅವನು ಆ ಮುದುಕನ ಪಕ್ಕವನ್ನು ಬಿಡಲಿಲ್ಲ. ನಾನು ಎರಡು ವರ್ಷ ತರಗತಿಯಲ್ಲಿ ಹೇಳಿದುದಕ್ಕಿಂತ ಹೆಚ್ಚಿನ ತರ್ಕಶಾಸ್ತ್ರವನ್ನು ಆ ಸೀಸದ ಗುಂಡು ಅವನಿಗೆ ಕಲಿಸಿತೆಂದರೆ ನನಗೆ ಹೊಟ್ಟೆಕಿಚ್ಚಿಲ್ಲ.

ಎರಡನೆಯದು ವಿನಯದ ಪಾಠ. ಆ ಮುದುಕನು ಯಾರಿಗೂ ಹೇಳದೆ ಕಲ್ಲುಗಳನ್ನು ಇಳಿಸುತ್ತಿದ್ದುದನ್ನು ನೆನೆಯಿರಿ. ಎಷ್ಟೋ ಸೇವಾಯಾತ್ರೆಗಳಲ್ಲಿ ಹೀಗೆಯೇ ನಡೆಯುತ್ತದೆ. ಬಂದ ಅತಿಥಿಗಳು ಸಂತೋಷದಿಂದ ವಕ್ರವಾಗಿ ಕಟ್ಟುತ್ತಾರೆ. ಊರವರು ಮರ್ಯಾದೆಗೆ ಅಂಜಿ ಸುಮ್ಮನಿದ್ದು, ಬೆನ್ನು ತಿರುಗಿದ ಮೇಲೆ ಸರಿಯಾಗಿ ಕಟ್ಟಿಕೊಳ್ಳುತ್ತಾರೆ. ಆಗ ಸೇವೆ ಮಾಡಿದವರಾರು, ಸೇವೆ ಮಾಡಿಸಿಕೊಂಡವರಾರು? ಆದುದರಿಂದ ಅಯೋನದ ಕ್ರಮವೇ ಸರಿಯಾದ ಕ್ರಮ. ಬಲ್ಲವನು ಆಜ್ಞೆಮಾಡಲಿ, ಬಂದವನು ಎತ್ತಿಕೊಡಲಿ. ಸೇವೆಯೆಂಬ ಶಬ್ದದಲ್ಲಿ ವಿಧೇಯತೆ ಅಡಕವಾಗಿದೆ. ವಿಧೇಯತೆಯಿಲ್ಲದ ಸೇವೆ ಮಾರುವೇಷದ ಯಜಮಾನಿಕೆ.

ಮೂರನೆಯದು ಮೌನದ ಪಾಠ. ಭಾರ ಹೊತ್ತವನಿಗೆ ಹೆಚ್ಚು ಮಾತು ಬರುವುದಿಲ್ಲ. ಸಾಲಿನಲ್ಲಿ ನಿಂತು ಕೈಯಿಂದ ಕೈಗೆ ಬುಟ್ಟಿ ದಾಟಿಸುವಾಗ, ಮುಂದಿನವನ ಮತವಾವುದು, ಮಾತೃಭಾಷೆ ಯಾವುದು ಎಂಬ ವಿಚಾರಣೆಗೆ ಅವಕಾಶವಿಲ್ಲ. ಅವನ ಕೈ ಚಾಚಿದೆಯೆ ಇಲ್ಲವೆ ಎಂಬುದೊಂದೇ ಪ್ರಶ್ನೆ. ಹದಿನೇಳನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಒಂದು ಕಾರ್ಮೆಲೈಟ್ ಮಠದಲ್ಲಿ ಲಾರೆನ್ಸ್ ಎಂಬ ಸಾಧಾರಣ ಸಹೋದರನಿದ್ದನು. ಅವನು ಯುದ್ಧದಲ್ಲಿ ಗಾಯಗೊಂಡು ಕುಂಟಾದವನು. ಅವನ ಪಾಲಿಗೆ ಬಂದದ್ದು ಅಡಿಗೆಯ ಮನೆ. ಪಾತ್ರೆಗಳ ಸದ್ದಿನ ನಡುವೆಯೂ ಅವನು ಪೂಜಾಮಂದಿರದಲ್ಲಿದ್ದಷ್ಟೇ ನೆಮ್ಮದಿಯಿಂದ ದೇವರ ಸನ್ನಿಧಿಯಲ್ಲಿರುತ್ತಿದ್ದನೆಂದು ಪ್ರಸಿದ್ಧಿ. ಇದು ಕೆಲಸವನ್ನು ಮರೆತು ದೇವರನ್ನು ನೆನೆದವನ ನೆಮ್ಮದಿಯಲ್ಲ. ಕೈಯೂ ಮನಸ್ಸೂ ಒಂದೇ ಕಡೆ ಇದ್ದವನ ನೆಮ್ಮದಿ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸದೆ ಮುಂದುವರಿಯುವಂತಿಲ್ಲ. ಹೊಟ್ಟೆಪಾಡಿಗಾಗಿ ಜೀವಮಾನವೆಲ್ಲ ಕಲ್ಲು ಹೊರುವವಳೊಬ್ಬಳು ಈ ಭಾಷಣವನ್ನು ಕೇಳಿದರೆ ಏನೆಂದಾಳು? "ಹತ್ತು ದಿನ ಹೊತ್ತವರಿಗೆ ದೇವರು ಕಂಡನಂತೆ, ಮೂವತ್ತು ವರ್ಷ ಹೊತ್ತ ನನಗೆ ಬೆನ್ನುನೋವು ಕಂಡಿತು" ಎಂದಾಳು. ಈ ಮಾತು ನಿಜ. ಬಡತನದ ದುಡಿಮೆಗೂ ಇಚ್ಛೆಯ ದುಡಿಮೆಗೂ ಇರುವ ಅಂತರ ಉಪವಾಸಕ್ಕೂ ಹಸಿವಿಗೂ ಇರುವ ಅಂತರದಂತೆ. ಒಂದಕ್ಕೆ ಕೊನೆಯ ದಿನ ಗೊತ್ತಿದೆ, ಮತ್ತೊಂದಕ್ಕೆ ಗೊತ್ತಿಲ್ಲ. ಈ ಅಂತರವನ್ನು ಮರೆತು, ದುಡಿಮೆ ಪಾವನವೆಂದು ಕೂಲಿಯವಳಿಗೆ ಬೋಧಿಸಿ, ಅವಳ ಕೂಲಿಯಲ್ಲಿ ನಾಲ್ಕು ಕಾಸು ಹಿಡಿದುಕೊಂಡರೆ, ಅದಕ್ಕಿಂತ ದೊಡ್ಡ ಪಾಷಂಡತನವಿಲ್ಲ. ಯಾತ್ರೆಯಿಂದ ಹಿಂದಿರುಗಿದವನು ನಿಜವಾಗಿ ಪಾಠ ಕಲಿತನೆಂಬುದಕ್ಕೆ ಸಾಕ್ಷಿ ಅವನ ದಿನಚರಿಯ ಪುಸ್ತಕವಲ್ಲ, ಅವನು ಆಡುವ ಭಾವಪೂರಿತ ಮಾತೂ ಅಲ್ಲ. ತನ್ನ ಊರಿನ ಜಾಡಮಾಲಿಯನ್ನು ಏಕವಚನದಲ್ಲಿ ಕೂಗುವುದನ್ನು ಅವನು ಬಿಟ್ಟನೆ? ಮೂಟೆ ಹೊತ್ತವನೊಡನೆ ಬಿಡಿಕಾಸಿಗೆ ಚೌಕಾಸಿ ಮಾಡುವುದನ್ನು ಬಿಟ್ಟನೆ? ತಾನುಂಡ ತಟ್ಟೆಯನ್ನು ತಾನೇ ತೊಳೆದನೆ? ಇವೇ ಸಾಕ್ಷಿ.

ಕನ್ನಡಿಗರಾದ ನಮಗೆ ಈ ವಿಚಾರವೆಲ್ಲ ಪರದೇಶದ ಸರಕಲ್ಲ. ಹನ್ನೆರಡನೆಯ ಶತಮಾನದ ಶರಣರು ಕಾಯಕವೆಂಬ ಶಬ್ದದಲ್ಲಿ ಇದನ್ನು ಇನ್ನೂ ಆಳವಾಗಿ ಕಂಡಿದ್ದರು. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ: ಇವರ ಹೆಸರುಗಳೊಡನೆ ಇವರ ಕಸುಬುಗಳು ಬಿರುದುಗಳಂತೆ ಅಂಟಿಕೊಂಡಿವೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚಾಗಿ ತಂದಾಗ, ಪತ್ನಿಯಾದ ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿ ಕಳುಹಿಸಿದಳೆಂಬ ಕಥೆ ನಮಗೆಲ್ಲ ತಿಳಿದುದೇ. ಆದರೆ ಒಂದು ಭೇದವನ್ನು ಗಮನಿಸಬೇಕು. ಶರಣರು ದುಡಿಮೆಯನ್ನು ಹುಡುಕಿಕೊಂಡು ಎಲ್ಲಿಗೂ ಯಾತ್ರೆ ಹೋಗಲಿಲ್ಲ. ಅವರಿಗೆ ಅದು ದಿನದಿನದ ಬಾಳು, ಮನೆಯ ಬಾಗಿಲಲ್ಲಿಯೇ ಇದ್ದ ವ್ರತ. ಸೇವಾಯಾತ್ರೆಯೆಂಬುದು, ದುಡಿಮೆಯಿಂದ ದೂರ ಸರಿದ ನಮ್ಮಂಥವರು ಅದರ ಕಡೆಗೆ ಹಿಂದಿರುಗುವ ಒಂದು ಮಾರ್ಗವಷ್ಟೆ. ಅದು ದೀಕ್ಷೆಯಾಗಬಹುದು, ಸಿದ್ಧಿಯಾಗಲಾರದು. ದೀಕ್ಷೆ ಪಡೆದವನು ಮಾರನೆಯ ದಿನದಿಂದ ಏನು ಮಾಡುತ್ತಾನೆಂಬುದರ ಮೇಲೆ ದೀಕ್ಷೆಯ ಬೆಲೆ ನಿಂತಿದೆ.

ಹಾಗಾದರೆ ದೂರದ ಯಾತ್ರೆ ಬೇಡವೆ ಎಂದು ಕೇಳಬಹುದು. ಬೇಡವೆಂದು ನಾನು ಹೇಳಲಾರೆ. ತನ್ನ ಊರಿನಲ್ಲಿ ಬುಟ್ಟಿ ಹಿಡಿಯಲು ನಾಚುವವನು ಪರಸ್ಥಳದಲ್ಲಿ ಹಿಡಿದಾನು. ಅಲ್ಲಿ ಹಿಡಿದುದು ಅಭ್ಯಾಸವಾಗಿ ಇಲ್ಲಿಯೂ ಹಿಡಿದಾನು. ನಾಚಿಕೆಯನ್ನು ಕಳೆಯಲು ಅಪರಿಚಿತರ ಮುಂದೆ ಸುಲಭ. ಸೆರೆಸೋಲರು ವರ್ದೂನಿಗೂ ಬಿಹಾರಕ್ಕೂ ಹೋದ ಫಲವಾಗಿ, 1945ರಲ್ಲಿ ಅವರು ಕಾಲವಾದ ಮೇಲೂ ಆ ಸೇವಾಸಂಸ್ಥೆ ಉಳಿದು, ಮತಭೇದವಿಲ್ಲದೆ ಹಲವು ದೇಶಗಳ ತರುಣರನ್ನು ಒಂದೇ ಗುಂಡಿಯಲ್ಲಿ ಇಳಿಸಿ ದುಡಿಸುತ್ತ ಬಂದಿದೆ. ಹೊರಡುವ ಮೊದಲು ಮಾತ್ರ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ನಮ್ಮನ್ನು ಆ ಊರಿನವರು ಕರೆದಿದ್ದಾರೆಯೆ? ಅಲ್ಲಿ ನಮಗೆ ಕೆಲಸ ಹೇಳಿಕೊಡತಕ್ಕವರು ಯಾರು? ನಾವು ಬಿಟ್ಟುಬಂದ ಮೇಲೆ ಆ ಕೆಲಸ ನಿಲ್ಲುತ್ತದೆಯೆ, ಮುಂದುವರಿಯುತ್ತದೆಯೆ? ಈ ಮೂರಕ್ಕೂ ಸರಿಯಾದ ಉತ್ತರ ದೊರೆತರೆ ಹೋಗಬಹುದು. ದೊರೆಯದಿದ್ದರೆ, ನಮ್ಮ ಬೀದಿಯ ಚರಂಡಿಯಲ್ಲಿಯೇ ಸಾಕಷ್ಟು ಅಧ್ಯಾತ್ಮ ತುಂಬಿಕೊಂಡಿದೆ. ಅದನ್ನು ಎತ್ತಿಹಾಕಲು ಹಡಗು ಹತ್ತಬೇಕಾಗಿಲ್ಲ.

ವಿದ್ಯೆ ನಮ್ಮನ್ನು ಕೈಗಳಿಂದ ಬಿಡಿಸಿ ತಲೆಗೆ ಏರಿಸಿತು. ಅದು ತಪ್ಪೆಂದು ನಾನು ಹೇಳುವುದಿಲ್ಲ. ನಾನೂ ಆ ವಿದ್ಯೆಯ ಅನ್ನವನ್ನೇ ಉಣ್ಣುವವನು. ಆದರೆ ಏರಿದವನಿಗೆ ಇಳಿಯುವ ದಾರಿಯೂ ಗೊತ್ತಿರಬೇಕು. ಇಳಿದು ಬಂದವನಿಗೆ ಮಣ್ಣು ಯಾವ ಬಿರುದನ್ನೂ ಕೊಡುವುದಿಲ್ಲ. ಇದ್ದ ಬಿರುದುಗಳನ್ನು ಮಾತ್ರ ಒಂದೊಂದಾಗಿ ಕಳಚುತ್ತದೆ. ಎಲ್ಲವೂ ಕಳಚಿದ ಮೇಲೆ ಉಳಿಯುವವನು ಯಾರೋ, ಅವನೇ ಪ್ರಾರ್ಥನೆ ಮಾಡಲು ಯೋಗ್ಯನು.